ಮಟ್ಟ, ಸಮ, ಚಪ್ಪಟೆ: ಒಂದು ಇಂಗ್ಲಿಷು ನುಡಿಗಟ್ಟಿನ ಅರ್ಥವೂ ಬಳಕೆಯೂ

‘ಲೆವೆಲ್ ಪ್ಲೇಯಿಂಗ್ ಫೀಲ್ಡ್’ ಎಂಬ ಇಂಗ್ಲಿಷು ನುಡಿಗಟ್ಟನ್ನು ಕೇಳದ ವಿದ್ಯಾವಂತರು ಇಂದು ವಿರಳ. ವರ್ತಕರ ಮನವಿಗಳಲ್ಲಿ, ನ್ಯಾಯಾಲಯದ ತೀರ್ಪುಗಳಲ್ಲಿ, ಚುನಾವಣಾ ಆಯೋಗದ ಪ್ರಕಟಣೆಗಳಲ್ಲಿ, ವಿದ್ಯಾಭ್ಯಾಸದ ಚರ್ಚೆಗಳಲ್ಲಿ ಅದು ದಿನ ಬೆಳಗಾದರೆ ಕಣ್ಣಿಗೆ ಬೀಳುವುದು. ಪದಶಃ ನೋಡಿದರೆ ಅದರ ಅರ್ಥ ಏರುತಗ್ಗಿಲ್ಲದ ಆಟದ ಬಯಲು. ಲಕ್ಷಣೆಯಿಂದ ನೋಡಿದರೆ, ಸ್ಪರ್ಧಿಸುವವರಿಗೆಲ್ಲ ಒಂದೇ ಬಗೆಯ ನಿಯಮ. ಇಷ್ಟೇ ಆಗಿದ್ದರೆ ಇದಕ್ಕೆ ಪ್ರತ್ಯೇಕವಾದ ವಿಚಾರ ಬೇಕಾಗಿರಲಿಲ್ಲ. ಆದರೆ ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿ, ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ೨೦೦೪ನೆಯ ಇಸವಿಯ ಫೆಬ್ರುವರಿಯಲ್ಲಿ ಈ ನುಡಿಗಟ್ಟು ಒಂದು ಸಂಭಾಷಣೆಯ ನಡುವೆ ಬಂದು, ಅಲ್ಲಿಂದ ರೂಪಾಂತರ ಹೊಂದಿ, ಜಗತ್ತಿನ ಆಕಾರವನ್ನೇ ವರ್ಣಿಸುವ ಘೋಷವಾಕ್ಯವಾಗಿ ಪರಿಣಮಿಸಿತು. ಆ ರೂಪಾಂತರದಲ್ಲಿ ಮೂಲದ ಅರ್ಥ ಎಷ್ಟು ಉಳಿಯಿತು, ಎಷ್ಟು ಸೋರಿಹೋಯಿತು, ಕನ್ನಡಕ್ಕೆ ಬರುವಾಗ ಅದು ಯಾವ ಮಾತನ್ನು ಆಶ್ರಯಿಸಬೇಕು ಎಂಬುದೇ ಪ್ರಕೃತ ವಿಷಯ.

ನುಡಿಗಟ್ಟಿನ ಪೂರ್ವಚರಿತ್ರೆಯನ್ನು ಮೊದಲು ನೋಡತಕ್ಕದ್ದು. ಸ್ಪರ್ಧೆಯ ನ್ಯಾಯವನ್ನು ಬಯಲಿನ ಉಪಮಾನದಿಂದ ಹೇಳುವ ವಾಡಿಕೆ ಇಂಗ್ಲಿಷಿನಲ್ಲಿ ಹಳೆಯದೇ. ಹತ್ತೊಂಬತ್ತನೆಯ ಶತಮಾನದ ಆಂಗ್ಲರು ‘ಎ ಫೇರ್ ಫೀಲ್ಡ್ ಅಂಡ್ ನೋ ಫೇವರ್’ ಎನ್ನುತ್ತಿದ್ದರು. ಬಯಲು ನ್ಯಾಯವಾದುದಾಗಿರಲಿ, ಯಾರ ಕಡೆಗೂ ಪಕ್ಷಪಾತ ಬೇಡ ಎಂಬುದು ಅದರ ತಾತ್ಪರ್ಯ. ಅಲ್ಲಿ ನೆಲದ ಏರಿಳಿತದ ಮಾತಿಲ್ಲ; ತೀರ್ಪುಗಾರನ ಮನಸ್ಸಿನ ಮಾತಿದೆ. ‘ಲೆವೆಲ್’ ಎಂಬ ವಿಶೇಷಣ ಕೂಡಿದ ಈಗಿನ ರೂಪವು ಲಾಕ್ಷಣಿಕಾರ್ಥದಲ್ಲಿ ಪ್ರಚಾರಕ್ಕೆ ಬಂದುದು ೧೯೭೦ರ ದಶಕದ ಕೊನೆಯ ವರ್ಷಗಳಲ್ಲಿ, ಅಮೆರಿಕದ ಬ್ಯಾಂಕುಗಳ ವಲಯದಲ್ಲಿ. ಒಂದೇ ಬಗೆಯ ವ್ಯವಹಾರ ಮಾಡುವ ಹಣಕಾಸು ಸಂಸ್ಥೆಗಳು ಬೇರೆಬೇರೆ ಕಾನೂನುಗಳಿಗೆ ಒಳಪಟ್ಟಿದ್ದುವು. ತಮ್ಮ ಕೈ ಕಟ್ಟಿರುವ ಕಟ್ಟಳೆ ಎದುರಾಳಿಗೂ ಇರಲಿ, ಇಲ್ಲವೆ ತಮಗೂ ಬೇಡ ಎಂಬುದು ದೂರುವವರ ವಾದ. ಮುಂದಿನ ದಶಕದಲ್ಲಿ ಈ ಮಾತು ಅಂತರರಾಷ್ಟ್ರೀಯ ವಾಣಿಜ್ಯದ ತಕರಾರುಗಳಿಗೆ ಹಬ್ಬಿತು. ಹೀಗೆ ಹುಟ್ಟಿನಲ್ಲಿ ಇದು ವರ್ಣನೆಯಲ್ಲ, ಅಹವಾಲು. ಯಾರು ಇದನ್ನು ಉಚ್ಚರಿಸುವರೋ ಅವರು ತಾವು ಇಳಿಜಾರಿನ ಕೆಳಗಡೆ ನಿಂತಿರುವೆವೆಂದು ಹೇಳಿಕೊಳ್ಳುವರು. ಬಲಿಷ್ಠರೂ ಹಾಗೆ ಹೇಳಿಕೊಳ್ಳಬಲ್ಲರೆಂಬುದು ಬ್ಯಾಂಕುಗಳ ಉದಾಹರಣೆಯಿಂದಲೇ ಸ್ಪಷ್ಟವಾಗುವುದು.

ಉಪಮಾನ ಎಷ್ಟು ಜನಪ್ರಿಯವೋ ಅಷ್ಟು ನಿಖರವಲ್ಲ. ಲಂಡನ್ನಿನ ಲಾರ್ಡ್ಸ್ ಕ್ರಿಕೆಟ್ ಮೈದಾನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸುಮಾರು ೮ ಅಡಿಗಳಷ್ಟು ಇಳಿಜಾರಾಗಿದೆ. ಅಲ್ಲಿ ಆಡಿ ಸೋತವರು ನೆಲವನ್ನು ದೂರುವುದಿಲ್ಲ. ಏಕೆಂದರೆ ಎರಡು ತಂಡಗಳೂ ಅದೇ ಇಳಿಜಾರಿನ ಮೇಲೆ ಸರದಿಯಿಂದ ಆಡುವುವು. ಕಾಲ್ಚೆಂಡಾಟದಲ್ಲಿ ಅರ್ಧ ಆಟಕ್ಕೆ ದಿಕ್ಕು ಬದಲಿಸುವ ಪದ್ಧತಿಯ ಫಲವೂ ಇದೇ. ಬಯಲು ಓರೆಯಾಗಿದ್ದರೂ ಸರದಿ ಸಮವಾಗಿದ್ದರೆ ಆಟ ನ್ಯಾಯವಾದೀತು; ಬಯಲು ಮಟ್ಟಸವಾಗಿದ್ದರೂ ಒಬ್ಬನ ಕಾಲಿಗೆ ಸರಪಳಿಯಿದ್ದರೆ ಆಗಲಾರದು. ಈ ಅಂಶವನ್ನು ಮುಂದಿನ ವಿಚಾರಕ್ಕಾಗಿ ನೆನಪಿನಲ್ಲಿಟ್ಟುಕೊಂಡರೆ ಸಾಕು.

ಭಾರತಕ್ಕೆ ಈ ಮಾತು ಬಂದುದು ೧೯೯೧ರ ಆರ್ಥಿಕ ಸುಧಾರಣೆಗಳ ಬೆನ್ನಿಗೆ. ೧೯೯೩ರಲ್ಲಿ ಮುಂಬಯಿಯಲ್ಲಿ ಕೂಡಿದ ದೊಡ್ಡ ಉದ್ಯಮಿಗಳ ಗುಂಪೊಂದು, ಹೊರದೇಶದ ಕಂಪನಿಗಳನ್ನು ಒಳಗೆ ಬಿಡುವುದಕ್ಕೆ ಮೊದಲು ಸ್ವದೇಶದ ಉದ್ಯಮಕ್ಕೆ ‘ಲೆವೆಲ್ ಪ್ಲೇಯಿಂಗ್ ಫೀಲ್ಡ್’ ಬೇಕೆಂದು ಸರ್ಕಾರವನ್ನು ಕೇಳಿತು. ಪತ್ರಿಕೆಗಳು ಆ ಗುಂಪಿಗೆ ‘ಬಾಂಬೆ ಕ್ಲಬ್’ ಎಂದು ಹೆಸರಿಟ್ಟುವು. ರಾಹುಲ್ ಬಜಾಜ್ ಅದರ ಪ್ರಮುಖ ವಕ್ತಾರರೆನಿಸಿದರು. ದಶಕಗಳ ಕಾಲ ಪರ್ಮಿಟ್ಟು ಲೈಸೆನ್ಸುಗಳ ಬೇಲಿಯೊಳಗೆ ಬೆಳೆದವರೇ ಬಯಲು ತಮ್ಮ ಕಡೆಗೆ ತಗ್ಗಾಗಿದೆಯೆಂದುದು ಕೆಲವರಿಗೆ ವಿನೋದವಾಗಿ ಕಂಡಿತು. ೨೦೦೭ರಲ್ಲಿ ಈ ನುಡಿಗಟ್ಟಿಗೆ ಅದಕ್ಕಿಂತ ಹಿರಿದಾದ ಗೌರವ ದೊರೆಯಿತು. ಮುಂಬಯಿಯ ಸಮುದ್ರ ಸೇತುವೆಯ ಗುತ್ತಿಗೆಗೆ ಸಂಬಂಧಿಸಿದ ರಿಲಯನ್ಸ್ ಎನರ್ಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಸಂವಿಧಾನದ ೧೯ನೆಯ ಅನುಚ್ಛೇದವು ಕೊಡುವ ವೃತ್ತಿಸ್ವಾತಂತ್ರ್ಯವನ್ನು ಅರ್ಥೈಸುವಾಗ ‘ಲೆವೆಲ್ ಪ್ಲೇಯಿಂಗ್ ಫೀಲ್ಡ್’ ಎಂಬ ತತ್ತ್ವಕ್ಕೆ ಪ್ರಾಮುಖ್ಯವುಂಟೆಂದು ಹೇಳಿತು. ಆಟದ ಬಯಲಿನ ಮಾತು ಧರ್ಮಶಾಸ್ತ್ರದ ಮಾತಾದುದು ಹೀಗೆ.

ಇವೆರಡರ ನಡುವಣ ಕಾಲಕ್ಕೆ ಸೇರಿದುದು ಎಲೆಕ್ಟ್ರಾನಿಕ್ ಸಿಟಿಯ ಪ್ರಸಂಗ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಅಂಕಣಕಾರರಾದ ಥಾಮಸ್ ಫ್ರೀಡ್‌ಮನ್, ಅಮೆರಿಕದ ಕೆಲಸಗಳು ಭಾರತಕ್ಕೆ ಹೋಗುತ್ತಿರುವುದನ್ನು ಕುರಿತು ದೂರದರ್ಶನದ ಚಿತ್ರವೊಂದನ್ನು ತಯಾರಿಸಲು ೨೦೦೪ರ ಆರಂಭದಲ್ಲಿ ಬೆಂಗಳೂರಿಗೆ ಬಂದಿದ್ದರು. ಇನ್ಫೋಸಿಸ್ ಸಂಸ್ಥೆಯ ಆವರಣದಲ್ಲಿ ಅವರು ಭೇಟಿಯಾದುದು ಆಗ ಅದರ ಮುಖ್ಯ ಕಾರ್ಯನಿರ್ವಾಹಕರಾಗಿದ್ದ ನಂದನ್ ನಿಲೇಕಣಿಯವರನ್ನು. ಗಣಕಯಂತ್ರಗಳು ಅಗ್ಗವಾದುದು, ಸಾಗರಗಳ ತಳದಲ್ಲಿ ತಂತಿಗಳು ಹಾಸಿದುದು, ಬುದ್ಧಿಯ ಕೆಲಸವನ್ನು ತುಂಡುತುಂಡಾಗಿ ವಿಂಗಡಿಸಿ ಎಲ್ಲಿ ಬೇಕಾದರೂ ಮಾಡಿಸಿ ಮತ್ತೆ ಜೋಡಿಸಬಹುದಾದುದು, ಇವುಗಳಿಂದ ಆಟದ ಬಯಲು ಮಟ್ಟವಾಗುತ್ತಿದೆ ಎಂದು ನಿಲೇಕಣಿಯವರು ವಿವರಿಸಿದರು. ಫ್ರೀಡ್‌ಮನ್ ಅವರು ಸಂಜೆ ಹೊಸೂರು ರಸ್ತೆಯ ಮೇಲೆ ಊರಿಗೆ ಹಿಂದಿರುಗುವಾಗ ಈ ಮಾತನ್ನು ಮೆಲುಕು ಹಾಕುತ್ತ, ಬಯಲು ಮಟ್ಟವಾಗುವುದೆಂದರೆ ಜಗತ್ತು ಚಪ್ಪಟೆಯಾಗುವುದು ಎಂಬ ತೀರ್ಮಾನಕ್ಕೆ ಬಂದರೆಂದು ತಾವೇ ಬರೆದುಕೊಂಡಿರುವರು. ‘ದಿ ವರ್ಲ್ಡ್ ಈಸ್ ಫ್ಲ್ಯಾಟ್’ ಎಂಬ ಅವರ ಗ್ರಂಥ ೨೦೦೫ರ ಏಪ್ರಿಲಿನಲ್ಲಿ ಹೊರಬಂದು ಪ್ರಪಂಚದಾದ್ಯಂತ ಓದಲ್ಪಟ್ಟಿತು. ಆ ತೀರ್ಮಾನಕ್ಕೆ ಬರುವಾಗ ವಾಹನ ಕುಲುಕುತ್ತಿದ್ದುದನ್ನೂ ಗ್ರಂಥಕರ್ತರು ಮುಚ್ಚಿಟ್ಟಿಲ್ಲ. ಅಂದಿನ ಹೊಸೂರು ರಸ್ತೆಯನ್ನು ಬಲ್ಲವರಿಗೆ ಇದರ ಸ್ವಾರಸ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲೆಕ್ಟ್ರಾನಿಕ್ ಸಿಟಿಗೆ ಸುಮಾರು ೧೦ ಕಿಲೋಮೀಟರಿನ ಮೇಲ್ಸೇತುವೆಯ ಹೆದ್ದಾರಿ ಬಂದುದು ೨೦೧೦ರಲ್ಲಿ.

ಇಲ್ಲಿ ಎರಡು ಪಲ್ಲಟಗಳು ಆಗಿರುವುವು. ಮೊದಲನೆಯದು ನಿಲೇಕಣಿಯವರ ಬಾಯಲ್ಲಿಯೇ ಆದುದು: ಅಹವಾಲಾಗಿದ್ದ ಮಾತು ವರ್ತಮಾನವಾಯಿತು. ಬಯಲನ್ನು ಮಟ್ಟ ಮಾಡಿರೆಂದು ಅವರು ಯಾರನ್ನೂ ಬೇಡಲಿಲ್ಲ. ಮಟ್ಟವಾಗುತ್ತಿದೆ, ಸಿದ್ಧರಾಗಿರಿ ಎಂದರು. ತಗ್ಗಿನಲ್ಲಿದ್ದವನು ತನ್ನ ಏಳಿಗೆಯನ್ನು ಎತ್ತರದಲ್ಲಿದ್ದವನಿಗೆ ತಿಳಿಸಿದಂತಾಯಿತು. ಒಂದು ಕಾಲಕ್ಕೆ ವಸಾಹತಾಗಿದ್ದ ನಾಡಿನಿಂದ ಹೊರಟ ಈ ಧ್ವನಿಯಲ್ಲಿ ಐತಿಹಾಸಿಕವಾದ ಒಂದು ಆತ್ಮವಿಶ್ವಾಸವಿದ್ದುದನ್ನು ಒಪ್ಪಲೇಬೇಕು. ಎರಡನೆಯ ಪಲ್ಲಟ ಫ್ರೀಡ್‌ಮನ್ ಅವರದು: ‘ಲೆವೆಲ್’ ಎಂಬುದರ ಸ್ಥಾನದಲ್ಲಿ ‘ಫ್ಲ್ಯಾಟ್’ ಬಂದು ಕುಳಿತಿತು. ಗ್ರಂಥದ ಯಶಸ್ಸಿಗೆ ಕಾರಣವಾದುದೂ, ವಿಚಾರದ ಗೊಂದಲಕ್ಕೆ ಕಾರಣವಾದುದೂ ಇದೇ.

‘ಲೆವೆಲ್’ ಎಂಬ ಶಬ್ದ ಲ್ಯಾಟಿನ್ನಿನ ‘ಲೀಬೆಲ್ಲ’ ಎಂಬುದರಿಂದ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದುದು. ಲೀಬೆಲ್ಲ ಎಂದರೆ ಚಿಕ್ಕ ತಕ್ಕಡಿ. ತೂಕ, ಸಮತೋಲ, ಅಳತೆಯ ಸಾಧನ, ಇವೆಲ್ಲ ಅದರ ಗರ್ಭದಲ್ಲಿರುವುವು. ‘ಫ್ಲ್ಯಾಟ್’ ಉತ್ತರ ಯೂರೋಪಿನ ನಾರ್ಸ್ ಭಾಷೆಯ ಶಬ್ದ. ಅದಕ್ಕೆ ತಕ್ಕಡಿಯ ಗೊಡವೆಯಿಲ್ಲ. ಉಬ್ಬಿಲ್ಲದ ಮೇಲ್ಮೈ ಎಂದಿಷ್ಟೇ ಅದರ ಅರ್ಥ. ಈ ಭೇದ ಗಾರೆಯವನಿಗೂ ಬಡಗಿಗೂ ಚೆನ್ನಾಗಿ ಗೊತ್ತು. ಹಲಗೆಯೊಂದು ಎಳ್ಳಷ್ಟೂ ಉಬ್ಬಿಲ್ಲದೆ ಚಪ್ಪಟೆಯಾಗಿರಬಹುದು. ಆದರೂ ಒಂದು ತುದಿ ಮೇಲಾಗಿ ಒಂದು ತುದಿ ಕೆಳಗಾಗಿ ನಿಂತಿರಬಹುದು. ಚಪ್ಪಟೆಯನ್ನು ಕೈ ಸವರಿ ತಿಳಿಯಬಹುದು. ಮಟ್ಟವನ್ನು ತಿಳಿಯುವುದಕ್ಕೆ ರಸಮಟ್ಟ ಬೇಕು. ಗಾಜಿನ ಕೊಳವೆಯೊಳಗಿನ ಗುಳ್ಳೆ ನಡುವೆ ನಿಂತರೆ ಮಾತ್ರ ಮಟ್ಟ. ಕನ್ನಡ, ತೆಲುಗು, ತಮಿಳು ಮೂರು ಭಾಷೆಗಳಲ್ಲಿಯೂ ಈ ಸಲಕರಣೆಗೆ ಹೆಚ್ಚುಕಡಮೆ ಒಂದೇ ಹೆಸರಿರುವುದು ಗಮನಾರ್ಹ. ವೈಟ್‌ಫೀಲ್ಡಿನಲ್ಲಿಯೂ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ಗಾಜಿನ ಸೌಧಗಳನ್ನು ಎಬ್ಬಿಸಿದ ಕೈಗಳು ಈ ಮೂರು ಭಾಷೆಗಳವರವೂ ಹೌದು, ಉತ್ತರದ ಹಲವು ಭಾಷೆಗಳವರವೂ ಹೌದು.

ಆದುದರಿಂದ ಜಗತ್ತು ಚಪ್ಪಟೆಯಾಗಿದೆ ಎಂಬ ಮಾತು ನಿಜವಾದರೂ, ಬಯಲು ಮಟ್ಟವಾಗಿದೆ ಎಂಬುದು ಅದರಿಂದ ಸಿದ್ಧಿಸದು. ಅಡೆತಡೆಗಳಿಲ್ಲದ ಇಳಿಜಾರು ಅಡೆತಡೆಗಳಿರುವ ಇಳಿಜಾರಿಗಿಂತ ಬೇಗ ನೀರನ್ನು ಕೆಳಕ್ಕೆ ಹರಿಸುವುದು. ಅರ್ಥಶಾಸ್ತ್ರಜ್ಞರು ಇದನ್ನು ಬೇಗನೆ ಗುರುತಿಸಿದರು. ರಿಚರ್ಡ್ ಫ್ಲಾರಿಡಾ ೨೦೦೫ರ ಅಕ್ಟೋಬರಿನಲ್ಲಿಯೇ ಜಗತ್ತು ಚಪ್ಪಟೆಯಲ್ಲ, ಮೊನಚು ಶಿಖರಗಳಿಂದ ಕೂಡಿದುದೆಂದು ವಾದಿಸಿದರು. ೨೦೦೭ರಲ್ಲಿ ಪಂಕಜ್ ಘೇಮಾವತ್ ಅವರು ರಾಷ್ಟ್ರಗಳ ಗಡಿಗಳು ಇನ್ನೂ ಬಲವಾಗಿಯೇ ಇರುವುದನ್ನು ತೋರಿಸಿದರು. ಅದೇ ವರ್ಷ ಎಡ್ವರ್ಡ್ ಲೀಮರ್ ಎಂಬ ವಿದ್ವಾಂಸರು ಬರೆದ ದೀರ್ಘ ವಿಮರ್ಶೆಯ ಶಿರೋನಾಮೆಯಲ್ಲಿಯೇ ಚಪ್ಪಟೆಯಾದ ಜಗತ್ತು, ಮಟ್ಟವಾದ ಆಟದ ಬಯಲು, ಕಿರಿದಾದ ಜಗತ್ತು ಎಂಬ ಮೂರನ್ನೂ ಬೇರೆಬೇರೆಯಾಗಿ ಎಣಿಸಿ, ಗ್ರಂಥಕರ್ತರು ಹೇಳುತ್ತಿರುವುದು ಇವುಗಳಲ್ಲಿ ಯಾವುದನ್ನು ಎಂದು ಕೇಳಿದರು. ಫ್ರೀಡ್‌ಮನ್ ಅವರಿಗೆ ನ್ಯಾಯ ತೋರಿಸಬೇಕಾದರೆ, ಚಪ್ಪಟೆಯಾಗದ ಜಗತ್ತಿಗಾಗಿಯೇ ಅವರು ತಮ್ಮ ಗ್ರಂಥದಲ್ಲಿ ಒಂದು ಅಧ್ಯಾಯವನ್ನು ಮೀಸಲಿಟ್ಟಿರುವರೆಂಬುದನ್ನೂ, ಹೊಸೂರಿನ ಆಚೆಯ ಹಳ್ಳಿಯೊಂದರಲ್ಲಿ ಅತ್ಯಂತ ಹಿಂದುಳಿದ ಮನೆತನಗಳ ಮಕ್ಕಳಿಗಾಗಿ ನಡೆಯುವ ಶಾಂತಿಭವನ ಎಂಬ ಶಾಲೆಯನ್ನು ಅಲ್ಲಿ ವರ್ಣಿಸಿರುವರೆಂಬುದನ್ನೂ ಹೇಳಬೇಕು. ಆದರೆ ಗ್ರಂಥದ ಹೆಸರು ಹೋದಷ್ಟು ದೂರ ಆ ಅಧ್ಯಾಯ ಹೋಗಲಿಲ್ಲ.

ಇನ್ನು, ಮಾತು ಹುಟ್ಟಿದ ನೆಲದ ಸ್ಥಿತಿಯನ್ನು ಪರಿಶೀಲಿಸಬಹುದು. ಎಲೆಕ್ಟ್ರಾನಿಕ್ ಸಿಟಿ ಇರುವುದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಎಂಬ ಗ್ರಾಮಗಳ ನೆಲದಲ್ಲಿ. ೧೯೭೬ರಲ್ಲಿ ಸ್ಥಾಪಿತವಾದ ಕಿಯೋನಿಕ್ಸ್ ಎಂಬ ರಾಜ್ಯ ಸರ್ಕಾರದ ನಿಗಮವು, ಆರ್. ಕೆ. ಬಾಳಿಗಾ ಅವರ ನೇತೃತ್ವದಲ್ಲಿ, ೧೯೭೮ರಲ್ಲಿ ೩೩೨ ಎಕರೆಗಳಲ್ಲಿ ಅದನ್ನು ನಿರ್ಮಿಸಲು ಕೈಹಾಕಿತು. ೧೯೯೧ರಲ್ಲಿ ಕೇಂದ್ರ ಸರ್ಕಾರದ ಸಾಫ್ಟ್‌ವೇರ್ ತಂತ್ರಜ್ಞಾನ ಪಾರ್ಕುಗಳ ಸಂಸ್ಥೆ ಹುಟ್ಟಿ, ಸಾಮಾನ್ಯ ದೂರವಾಣಿಗಾಗಿ ಜನ ವರ್ಷಗಟ್ಟಲೆ ಕಾದಿದ್ದ ಕಾಲದಲ್ಲಿ ರಫ್ತುದಾರರಿಗೆ ಉಪಗ್ರಹದ ಸಂಪರ್ಕವನ್ನು ಒದಗಿಸಿತು. ರಫ್ತಿನ ಲಾಭದ ಮೇಲೆ ಆದಾಯ ತೆರಿಗೆಯ ವಿನಾಯಿತಿ ೨೦೧೧ರ ಮಾರ್ಚ್ ೩೧ರ ವರೆಗೆ ನಡೆಯಿತು. ಅಗ್ರಹಾರವೆಂದರೆ ಏನೆಂಬುದನ್ನು ಶಾಸನಗಳನ್ನು ಓದುವವರಿಗೆ ವಿವರಿಸಬೇಕಾಗಿಲ್ಲ: ವಿದ್ಯಾವಂತರಿಗೆ ತೆರಿಗೆಯಿಲ್ಲದೆ ಸರ್ವಮಾನ್ಯವಾಗಿ ಬಿಟ್ಟುಕೊಟ್ಟ ನೆಲ. ಹೆಸರಿನಲ್ಲಿ ಅಗ್ರಹಾರವನ್ನು ಹೊತ್ತ ಊರಿಗೆ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಮತ್ತೊಂದು ಬಗೆಯ ಸರ್ವಮಾನ್ಯ ಬಂದುದು ಕಾಕತಾಳೀಯವಿರಬಹುದು, ಆದರೂ ವಿಚಾರಾರ್ಹ. ಬಯಲು ತಾನಾಗಿ ಮಟ್ಟವಾಗಲಿಲ್ಲ. ಒಂದು ತುಂಡು ನೆಲವನ್ನು ಸರ್ಕಾರ ಹೊಣೆ ಹೊತ್ತು ಜಗತ್ತಿನ ಮಟ್ಟಕ್ಕೆ ಎತ್ತಿ ನಿಲ್ಲಿಸಿತು. ಅದರ ಮೇಲೆ ನಿಂತವರ ಪರಿಶ್ರಮವೂ ಪ್ರತಿಭೆಯೂ ಉಳಿದುದನ್ನು ಸಾಧಿಸಿದುವು. ಎತ್ತಿದ ಜಗಲಿಯ ಮೇಲಿನಿಂದ ದೂರದ ನ್ಯೂಯಾರ್ಕು ಸಮಾನ ಎತ್ತರದಲ್ಲಿ ಕಂಡರೆ ಆಶ್ಚರ್ಯವಿಲ್ಲ. ಜಗಲಿಯಿಂದ ಪಕ್ಕದ ಅಂಗಳಕ್ಕೆ ಎಷ್ಟು ಮೆಟ್ಟಿಲು ಎಂಬುದು ಬೇರೆ ಲೆಕ್ಕ.

ವೈಟ್‌ಫೀಲ್ಡಿನ ಹೆಸರಿನಲ್ಲಿಯೇ ‘ಫೀಲ್ಡ್’ ಇದೆ. ಅದು ಆಟದ ಬಯಲಲ್ಲ, ಉಳುವ ಬಯಲು. ೧೮೮೨ರಲ್ಲಿ ಮೈಸೂರಿನ ಮಹಾರಾಜ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಹಾಗೂ ಆಂಗ್ಲೋ-ಇಂಡಿಯನ್ ಸಂಘಕ್ಕೆ ಕೊಟ್ಟ ಭೂಮಿಯಲ್ಲಿ ಡಿ. ಎಸ್. ವೈಟ್ ಅವರ ಹೆಸರಿನಿಂದ ಆ ಊರು ಎದ್ದಿತು. ಎರಡು ಸಮಾಜಗಳ ನಡುವೆ ಸಿಕ್ಕಿ ಉದ್ಯೋಗದ ದಾರಿ ಕಿರಿದಾಗಿದ್ದ ಒಂದು ಪಂಗಡಕ್ಕೆ ಬೇಸಾಯದಿಂದ ನೆಲೆ ಕಲ್ಪಿಸಬೇಕೆಂಬುದು ಆ ಯೋಜನೆ. ೧೯೯೦ರ ದಶಕದ ಕೊನೆಯಲ್ಲಿ ಅದರ ಸಮೀಪದಲ್ಲಿ ಅಂತರರಾಷ್ಟ್ರೀಯ ತಂತ್ರಜ್ಞಾನ ಪಾರ್ಕು ಬಂದ ಮೇಲೆ ಬೇಸಾಯದ ಗುರುತು ಹೆಸರಿನಲ್ಲಿ ಮಾತ್ರ ಉಳಿಯಿತು.

ಕನ್ನಡಕ್ಕೆ ಬಂದರೆ ತೊಡಕು ಇನ್ನೂ ಸ್ವಾರಸ್ಯವಾಗುವುದು. ‘ಮಟ್ಟ’ ಎಂಬುದು ಅಳತೆ, ಎತ್ತರ, ಸಮತಲ ಮೂರನ್ನೂ ಸೂಚಿಸುವ ಒಳ್ಳೆಯ ದೇಶ್ಯ ಶಬ್ದ. ಬಯಲನ್ನು ‘ಮಟ್ಟ ಮಾಡು’ ಎಂದರೆ ಹಿತವಾಗಿಯೇ ಕೇಳಿಸುವುದು. ಆದರೆ ‘ಮಟ್ಟ ಹಾಕು’ ಎಂದರೆ ಅಡಗಿಸು, ತುಳಿದುಬಿಡು ಎಂದರ್ಥ. ‘ನೆಲಸಮ’ದಲ್ಲಿ ನೆಲವೂ ಇದೆ, ಸಮವೂ ಇದೆ, ಕೂಡಿ ಬರುವ ಅರ್ಥ ಮಾತ್ರ ವಿನಾಶ. ಎರಡು ಶಬ್ದಗಳೂ ಒಂದೇ ಅನುಭವದಿಂದ ಹುಟ್ಟಿದುವು: ಉಬ್ಬನ್ನು ಕೆತ್ತದೆ ತಗ್ಗು ತುಂಬದು. ಇಂಗ್ಲಿಷಿನ ನುಡಿಗಟ್ಟು ಕೆತ್ತುವವನನ್ನೂ ಕೆತ್ತಿಸಿಕೊಂಡವನನ್ನೂ ಕಣ್ಮರೆ ಮಾಡುವುದು. ಕನ್ನಡದ ಕ್ರಿಯಾಪದ ಅವರನ್ನು ಮುಂದಕ್ಕೆ ತಂದು ನಿಲ್ಲಿಸುವುದು. ಇನ್ನು ಆಡುಮಾತಿನೊಳಗೆ ಹೊಕ್ಕ ‘ಲೆವೆಲ್’ ಎಂಬ ಶಬ್ದದ ಗತಿ ಎಲ್ಲಕ್ಕಿಂತ ವಿಚಿತ್ರ. ಗಾರೆಯವನ ಬಾಯಲ್ಲಿ ಅದು ಮೂಲಾರ್ಥದಲ್ಲಿಯೇ ಇದೆ. ಆದರೆ ‘ಅವನ ಲೆವೆಲ್ಲೇ ಬೇರೆ’, ‘ನಮ್ಮ ಲೆವೆಲ್ಲಿನವರಲ್ಲ’ ಎಂದು ಜನ ಆಡುವಾಗ ಅದು ಸಮತೆಯನ್ನಲ್ಲ, ಅಂತಸ್ತನ್ನು ಹೇಳುವುದು. ಸಾಫ್ಟ್‌ವೇರ್ ಕಚೇರಿಗಳಲ್ಲಿ ನೌಕರರ ದರ್ಜೆಗಳಿಗೂ ಅದೇ ಹೆಸರು. ಒಂದೇ ಶಬ್ದ ಇಂಗ್ಲಿಷು ನುಡಿಗಟ್ಟಿನಲ್ಲಿ ಭೇದವನ್ನು ಅಳಿಸುವುದು, ಕನ್ನಡದ ಬೀದಿಯಲ್ಲಿ ಭೇದವನ್ನು ಅಳೆಯುವುದು. ಪಕ್ಕಕ್ಕೆ ಸರಿದು ಒಂದು ಮಾತು: ‘ಪ್ಲೇಯಿಂಗ್ ಫೀಲ್ಡ್’ ಎಂಬ ಎರಡು ಶಬ್ದಗಳನ್ನು ತಿರುಗುಮುರುಗಾಗಿ ಕನ್ನಡಿಸಿದರೆ ‘ಬಯಲಾಟ’ವಾಗುವುದು, ಅಲ್ಲಿ ಗೆಲ್ಲುವವರೂ ಸೋಲುವವರೂ ಪ್ರಸಂಗದಲ್ಲಿಯೇ ಮೊದಲು ನಿರ್ಣಯವಾಗಿರುವರು.

ನೆಲವನ್ನು ನಿಜವಾಗಿ ಮಟ್ಟ ಮಾಡಿದರೆ ಏನಾಗುವುದೆಂಬುದಕ್ಕೂ ಬೆಂಗಳೂರಿನ ಹೊರವಲಯವೇ ನಿದರ್ಶನ. ಈ ಊರು ಕುಳಿತಿರುವುದು ಒಂದು ದಿಣ್ಣೆಯ ಬೆನ್ನಿನ ಮೇಲೆ. ಪೀಣ್ಯದ ಕಡೆಯ ನೀರು ವೃಷಭಾವತಿಯ ಮೂಲಕ ಕಾವೇರಿಯ ಕಡೆಗೆ ಹೋಗುವುದು. ಪೂರ್ವದ ನೀರು ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ ದಕ್ಷಿಣ ಪಿನಾಕಿನಿಗೆ ಸೇರುವುದು. ಏರನ್ನೂ ತಗ್ಗನ್ನೂ ಅರಿತು, ಒಂದು ಕೆರೆಯ ಕೋಡಿ ಇನ್ನೊಂದು ಕೆರೆಗೆ ಹರಿಯುವಂತೆ ಹಿಂದಿನವರು ಸರಪಣಿಯಾಗಿ ಕೆರೆಗಳನ್ನು ಕಟ್ಟಿದರು. ಅವರಿಗೆ ಇಳಿಜಾರು ಅನ್ಯಾಯವಾಗಿರಲಿಲ್ಲ, ಆಸ್ತಿಯಾಗಿತ್ತು. ರಾಜಕಾಲುವೆಗಳ ಮೇಲೆ ಬಡಾವಣೆಗಳು ಎದ್ದುವು. ೨೦೨೨ರ ಸೆಪ್ಟೆಂಬರಿನ ಮಳೆಯಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಭಾಗಗಳು ಮುಳುಗಿ, ಸಾಫ್ಟ್‌ವೇರ್ ನೌಕರರು ಟ್ರ್ಯಾಕ್ಟರುಗಳನ್ನೇರಿ ಕಚೇರಿಗೆ ಹೋದರು. ನೀರು ಮಾತ್ರ ತನ್ನ ಹಳೆಯ ಮಟ್ಟವನ್ನು ಮರೆತಿರಲಿಲ್ಲ.

ಊರಿನ ಇನ್ನೊಂದು ಕಡೆ, ವಾಯವ್ಯದ ಪೀಣ್ಯದಲ್ಲಿ, ಇದೇ ನುಡಿಗಟ್ಟು ಅದರ ಹಳೆಯ ಅರ್ಥದಲ್ಲಿಯೇ, ಎಂದರೆ ಅಹವಾಲಾಗಿಯೇ, ಉಳಿದಿದೆ. ೧೯೭೦ರ ದಶಕದಲ್ಲಿ ರೂಪುಗೊಂಡ ಈ ಕೈಗಾರಿಕಾ ಪ್ರದೇಶ ಸಾವಿರಾರು ಸಣ್ಣ ಕಾರ್ಖಾನೆಗಳ ನೆಲೆ. ನಾಲ್ಕಾರು ಲೇತುಗಳನ್ನಿಟ್ಟುಕೊಂಡು ದೊಡ್ಡ ಕಂಪನಿಗಳಿಗೆ ಬಿಡಿಭಾಗಗಳನ್ನು ಕಡೆದುಕೊಡುವ ಒಡೆಯರೇ ಅಲ್ಲಿ ಹೆಚ್ಚು. ಸಣ್ಣ ಉದ್ಯಮಗಳಿಗೇ ಮೀಸಲಾದ ಸಾಮಗ್ರಿಗಳ ಪಟ್ಟಿಯೊಂದನ್ನು ಕೇಂದ್ರ ಸರ್ಕಾರ ೧೯೬೭ರಲ್ಲಿ ಆರಂಭಿಸಿತ್ತು. ಒಂದು ಕಾಲಕ್ಕೆ ಅದರಲ್ಲಿ ಎಂಟುನೂರಕ್ಕಿಂತ ಹೆಚ್ಚು ಸಾಮಗ್ರಿಗಳಿದ್ದುವು. ಕ್ರಮಕ್ರಮವಾಗಿ ಕರಗಿ, ೨೦೧೫ರಲ್ಲಿ ಕೊನೆಯ ೨೦ ಸಾಮಗ್ರಿಗಳೂ ಹೊರಬಿದ್ದುವು. ಮೀಸಲು ತೆಗೆದವರು ಹೇಳಿದ ಕಾರಣ, ಎಲ್ಲರಿಗೂ ಒಂದೇ ಬಯಲು ಇರಲಿ ಎಂಬುದು. ಮೀಸಲು ಕಳೆದುಕೊಂಡವರು, ಅಗ್ಗದ ಆಮದು ಸರಕಿನ ಎದುರಿಗೂ ದೊಡ್ಡ ಬಂಡವಾಳದ ಎದುರಿಗೂ ನಿಂತು, ಬಯಲು ಒಂದೇ ಆಗಲೆಂದು ಕೇಳುವರು. ನುಡಿಗಟ್ಟು ಒಂದು, ಪ್ರಾರ್ಥನೆಗಳು ಎರಡು. ಯಾವುದನ್ನು ಆರಂಭದ ರೇಖೆಯೆಂದು ಹಿಡಿಯಬೇಕು ಎಂಬ ಪ್ರಶ್ನೆಗೆ ನುಡಿಗಟ್ಟಿನಲ್ಲಿ ಉತ್ತರವಿಲ್ಲದಿರುವುದೇ ಇದಕ್ಕೆ ಕಾರಣ.

ಇದೇ ದ್ವಂದ್ವ ೨೦೨೪ರ ಜುಲೈಯಲ್ಲಿ ಕರ್ನಾಟಕದಲ್ಲಿ ಬಹಿರಂಗವಾಗಿ ಕಾಣಿಸಿಕೊಂಡಿತು. ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇಕಡ ೫೦, ಉಳಿದ ಹುದ್ದೆಗಳಲ್ಲಿ ಶೇಕಡ ೭೦ ಸ್ಥಳೀಯರಿಗೆ ಮೀಸಲಾಗಬೇಕೆಂಬ ಮಸೂದೆಗೆ ಮಂತ್ರಿಮಂಡಲ ಒಪ್ಪಿಗೆಯಿತ್ತಿತು. ಉದ್ಯಮಿಗಳ ಪ್ರತಿಭಟನೆಯಿಂದ ಒಂದೆರಡು ದಿನಗಳಲ್ಲಿಯೇ ಅದನ್ನು ತಡೆಹಿಡಿಯಲಾಯಿತು. ಬೇಡಿಕೆ ಹೊಸದಲ್ಲ; ೧೯೮೦ರ ದಶಕದ ಸರೋಜಿನೀ ಮಹಿಷಿ ಸಮಿತಿಯ ವರದಿಯಷ್ಟು ಹಳೆಯದು.

ಯೋಗ್ಯತೆಯೊಂದೇ ಅಳತೆಯಾಗಿರಲಿ ಎಂಬುದು ಒಂದು ಪಕ್ಷ. ಯೋಗ್ಯತೆಯನ್ನು ಇಂಗ್ಲಿಷಿನಲ್ಲಿ ಅಳೆಯುವ ತನಕ ಅಳತೆಗೋಲೇ ಓರೆ ಎಂಬುದು ಮತ್ತೊಂದು ಪಕ್ಷ. ಮಸೂದೆಯ ಸಾಧಕಬಾಧಕಗಳ ನಿರ್ಣಯ ಈ ಲೇಖನದ ವ್ಯಾಪ್ತಿಗೆ ಸೇರಿದುದಲ್ಲ. ಆದರೆ ಎರಡನೆಯ ಪಕ್ಷದ ಮಾತು ಶಬ್ದವಿಚಾರದ ದೃಷ್ಟಿಯಿಂದಲೂ ಹುರುಳುಳ್ಳದ್ದೆಂದು ಹೇಳಬೇಕಾಗುತ್ತದೆ. ಆನೇಕಲ್ಲಿನ ಕನ್ನಡ ಶಾಲೆಯಲ್ಲಿ ಓದಿದ ಹುಡುಗನ ಊರು ಎಲೆಕ್ಟ್ರಾನಿಕ್ ಸಿಟಿಗೆ ಕೂಗಳತೆಯಲ್ಲಿರಬಹುದು. ಸಾಗರದ ತಳದ ತಂತಿ ಅಮೆರಿಕವನ್ನು ಆ ಆವರಣದ ಪಕ್ಕಕ್ಕೆ ತಂದಿತು, ಅವನನ್ನು ತರಲಿಲ್ಲ. ಬಯಲು ಮಟ್ಟವಾಗಿದೆಯೆಂಬ ಸುದ್ದಿಯೂ ಅವನಿಗೆ ತಲುಪಬೇಕಾದುದು ಅವನಿಗೆ ಸರಿಯಾಗಿ ಬಾರದ ಭಾಷೆಯಲ್ಲಿಯೇ.

ಇಷ್ಟಕ್ಕೂ ಫ್ರೀಡ್‌ಮನ್ ಅವರ ಗ್ರಂಥ ಆರಂಭವಾಗುವುದು ಬೆಂಗಳೂರಿನ ಗಾಲ್ಫ್ ಮೈದಾನವೊಂದರಲ್ಲಿ. ಗಾಲ್ಫ್ ಆಟದ ಬಯಲು ಎಂದಿಗೂ ಮಟ್ಟಸವಾದುದಲ್ಲ. ದಿಣ್ಣೆ, ಹಳ್ಳ, ಮರಳುಗುಂಡಿ, ನೀರು ಇವೇ ಅದರ ಲಕ್ಷಣ. ಅದರಲ್ಲಿ ನ್ಯಾಯ ಸಲ್ಲಿಸುವುದು ನೆಲದಿಂದಲ್ಲ, ‘ಹ್ಯಾಂಡಿಕ್ಯಾಪ್’ ಎಂಬ ಲೆಕ್ಕದಿಂದ. ನುರಿತ ಆಟಗಾರನಿಗೂ ಹೊಸಬನಿಗೂ ಅವರವರ ಶಕ್ತಿಯನ್ನು ಅಳೆದು, ದುರ್ಬಲನಿಗೆ ಇಷ್ಟು ಹೊಡೆತಗಳ ರಿಯಾಯಿತಿ ಎಂದು ಮೊದಲೇ ಕಟ್ಟುವರು. ಹಾಗೆ ಮಾಡಿದ ಮೇಲೆ ಇಬ್ಬರೂ ಒಟ್ಟಿಗೆ ಆಡಬಹುದು. ರಿಯಾಯಿತಿ ಪಡೆದವನನ್ನು ಯಾರೂ ಹೀಯಾಳಿಸುವುದಿಲ್ಲ. ಚಪ್ಪಟೆಯ ಸಿದ್ಧಾಂತಕ್ಕೆ ಪೀಠಿಕೆ ಹಾಕುವುದಕ್ಕೆ ಇದಕ್ಕಿಂತ ಪ್ರತಿಕೂಲವಾದ ಆಟವನ್ನು ಆರಿಸಿಕೊಳ್ಳುವುದು ಕಷ್ಟ.

ಕನ್ನಡ ನಾಡಿಗೆ ಇದಕ್ಕೆ ಸಮೀಪವಾದ ತನ್ನದೇ ಮಾತೊಂದಿದೆ. ಮೈಸೂರಿನ ದಸರಾ ಕುಸ್ತಿಗೆ ಮುಂಚೆ ಜಟ್ಟಿಗಳ ‘ಜೋಡಿ ಕಟ್ಟುವುದು’ ಇಂದಿಗೂ ನಡೆದುಬಂದಿರುವ ಪದ್ಧತಿ. ಗರಡಿಯ ಮಣ್ಣನ್ನು ಹದಮಾಡುವುದು ಒಂದು ಕೆಲಸ. ಅದು ಎಲ್ಲರಿಗೂ ಒಂದೇ. ಯಾರೆದುರಿಗೆ ಯಾರು ಎಂಬುದನ್ನು ಮೈತೂಕ, ವಯಸ್ಸು, ಪಳಗಿಕೆಗಳನ್ನು ನೋಡಿ ಹಿರಿಯರು ಗೊತ್ತುಮಾಡುವುದು ಇನ್ನೊಂದು ಕೆಲಸ. ಮಣ್ಣು ಎಷ್ಟೇ ಮಟ್ಟಸವಾಗಿದ್ದರೂ ಜೋಡಿ ತಪ್ಪಿದರೆ ಅದನ್ನು ಕುಸ್ತಿಯೆಂದು ಜನ ನೋಡುವುದಿಲ್ಲ. ಇಂಗ್ಲಿಷು ನುಡಿಗಟ್ಟು ಮೊದಲನೆಯ ಕೆಲಸವನ್ನು ಮಾತ್ರ ಹೆಸರಿಸುವುದು. ‘ಜೋಡಿ’ ಎರಡನೆಯದನ್ನು ಹೆಸರಿಸುವುದು. ‘ಕಣ’ವೆಂಬ ಶಬ್ದವೂ ಇಲ್ಲಿ ಸ್ಮರಣೀಯ. ಒಕ್ಕಣೆಗಾಗಿ ನೆಲವನ್ನು ಹದವಾಗಿ ಬಡಿದು, ಸಗಣಿಯಿಂದ ಸಾರಿಸಿ ಅಣಿಮಾಡಿದ ಜಾಗ ಕಣ. ಯುದ್ಧದ ಜಾಗವೂ ಕಣ. ಇಂದು ಚುನಾವಣೆಯ ಸ್ಪರ್ಧೆಯೂ ಕಣ. ಸಿದ್ಧಪಡಿಸಿದ ನೆಲ, ಹೋರಾಟದ ನೆಲ ಎಂಬ ಎರಡು ಅರ್ಥಗಳೂ ಅದರಲ್ಲಿ ಮೊದಲೇ ಕೂಡಿರುವುವು. ಅದನ್ನು ಸಿದ್ಧಪಡಿಸಿದವರು ಯಾರೆಂಬುದೂ ಆ ಶಬ್ದದಿಂದ ಮರೆಯಾಗುವುದಿಲ್ಲ.

ಹೀಗಿರಲು ಭಾಷಾಂತರಕಾರರು ಪ್ರಯೋಗವನ್ನು ನೋಡಿ ಶಬ್ದವನ್ನು ಆರಿಸುವುದು ಮೇಲು. ಚುನಾವಣಾ ಆಯೋಗದ ಬಳಕೆಯಲ್ಲಿ ಈ ನುಡಿಗಟ್ಟಿಗೆ ‘ಸಮಾನ ಅವಕಾಶ’ ಎಂಬುದು ಸಾಕು, ಏಕೆಂದರೆ ಅಲ್ಲಿ ನಿಯಮಗಳ ಏಕರೂಪತೆಯೇ ಉದ್ದಿಷ್ಟ. ೨೦೦೭ರ ತೀರ್ಪಿನಂಥ ಕಾನೂನಿನ ಸಂದರ್ಭದಲ್ಲಿ ‘ಸಮಕಣ’ ಎಂಬುದನ್ನು ಪ್ರಯೋಗಿಸಿ ನೋಡಬಹುದು; ಅದು ಮೊಟಕಾಗಿಯೂ ಇದೆ, ಅರ್ಥವಾಗುವಂತೆಯೂ ಇದೆ. ವರ್ತಕರ ಮನವಿಗಳಲ್ಲಿ ಬಂದಾಗ, ಕೇಳುತ್ತಿರುವುದು ತಡೆ ತೆಗೆಯಿರೆಂದೋ ಆಸರೆ ಕೊಡಿರೆಂದೋ ನೋಡಿ, ಅದನ್ನು ನೇರವಾಗಿ ಹೇಳಿಬಿಡುವುದೇ ಲೇಸು. ನಿಲೇಕಣಿಯವರ ಮಾತಿಗೆ ‘ಆಟದ ಬಯಲು ಮಟ್ಟವಾಗುತ್ತಿದೆ’ ಎಂಬುದಕ್ಕಿಂತ ಹೆಚ್ಚಿನದು ಬೇಡ. ಫ್ರೀಡ್‌ಮನ್ ಅವರ ಗ್ರಂಥನಾಮಕ್ಕೆ ‘ಚಪ್ಪಟೆ’ಯೇ ಸರಿಯಾದ ಶಬ್ದ. ‘ಸಮ’ ಎಂದು ತಿದ್ದಿದರೆ ಗ್ರಂಥಕರ್ತರು ಸಾಧಿಸದೆ ಬಿಟ್ಟುದನ್ನು ಭಾಷಾಂತರಕಾರನು ಸಾಧಿಸಿಕೊಟ್ಟಂತಾಗುವುದು.